ಪಕ್ಕದ ಮನೆಯ ಬಾಯ್ಲರ್

ಚಳಿ ಶುರುವಾಗುತ್ತಿದ್ದ ಹಾಗೆ ಬೆರಿಲ್ ಹೋಲ್ರಾಯ್ಡಳ ತಲೆಯ ಮೇಲೆ ಯಾರೋ ನಡೆದಾಡತೊಡಗಿದರು.

ಮೊದಲು ಇಲಿ ಅಂದುಕೊಂಡಳು. ಆದರೆ ಇಲಿ ನಿಟ್ಟುಸಿರು ಬಿಡುವುದಿಲ್ಲವಲ್ಲ! ಮಲಗುವ ಕೋಣೆಯ ಮೇಲೆ, ಅಟ್ಟದಲ್ಲಿ, ಹೊಗೆಗೂಡಿನ ಪಕ್ಕದಲ್ಲಿ ಟಕ್ ಎಂದು ಒಂದು ಹೆಜ್ಜೆ. ಕೊಂಚ ತಡೆದು ಇನ್ನೊಂದು. ಆಮೇಲೆ ಮಂಡಿನೋವಿನ ಮುದುಕನೊಬ್ಬ ನಿಧಾನವಾಗಿ ಕೂತಾಗ ಬಿಡುವಂಥ ಉಸಿರು. ಅದರ ಹಿಂದೆಯೇ ಬಾಯಿ ಮುಚ್ಚಿಕೊಂಡು ಗುನುಗುವ ಸದ್ದು, ರಾಗವಿಲ್ಲದ್ದು, ಎಷ್ಟೋ ಹೊತ್ತು. ಆ ಹೆಜ್ಜೆಯನ್ನೂ ಆ ಗುನುಗನ್ನೂ ಬೆರಿಲ್ ಮದುವೆಯಾದಾಗಿನಿಂದ ಕೇಳಿದ್ದಳು. ಅವಳ ಗಂಡ ನಾರ್ಮನ್ ಅಟ್ಟದ ಮೇಲೆ ಹೀಗೇ ಓಡಾಡುತ್ತಿದ್ದ. ಅವನು ಸತ್ತು ಎರಡು ವರ್ಷವಾಗಿತ್ತು.

ನಾರ್ಮನ್‌ಗೆ ಅಟ್ಟದಲ್ಲೊಂದು ರೈಲ್ವೆ ಇತ್ತು. ಅವರಿದ್ದ ಹ್ಯಾಲಿಫ್ಯಾಕ್ಸ್ ಊರಿನ ಗಂಡಸರಲ್ಲಿ ಅರ್ಧಕ್ಕರ್ಧ ಜನ ಪಬ್ಬಿನಲ್ಲಿ ಕೂರುತ್ತಾರೆ, ಉಳಿದವರು ಅಟ್ಟ ಹತ್ತುತ್ತಾರೆ. ಬಸ್ ಡ್ರೈವರ್ ಕೆಲಸದಿಂದ ನಿವೃತ್ತನಾದ ಮೇಲೆ ನಾರ್ಮನ್ ಅಟ್ಟಕ್ಕೆ ಹಲಗೆ ಹಾಸಿದ, ದೀಪ ಎಳೆದ, ಮೆಟ್ಟಿಲ ಮೇಲಿನ ಕಿಂಡಿಗೆ ಮೇಲಕ್ಕೆ ಮಡಚಿಡುವ ಗಟ್ಟಿಯಾದ ಏಣಿ ಕೂರಿಸಿದ. ಅಂಗೈಯಗಲದ ಸ್ಟೇಷನ್ನು, ಬೆರಳುದ್ದದ ಎಂಜಿನ್ನು, ಕಾಗದದ ಗುಡ್ಡಗಳು. ಮಕ್ಕಳಿಲ್ಲದ ಮನೆಯಲ್ಲಿ ಇಷ್ಟು ಆಟಿಕೆ ಯಾಕೆ ಎಂದು ಬೆರಿಲ್ ಎಂದೂ ಕೇಳಲಿಲ್ಲ. ಕೇಳಬಾರದ ಮಾತು ಯಾವುದೆಂದು ಆ ಮಟ್ಟಿಗೆ ಅವಳಿಗೆ ತಿಳಿದಿತ್ತು.

ಆದರೆ ಅವನು ಸತ್ತ ದಿನ ಬಾಯಿ ಬಿಗಿಹಿಡಿಯಲಾಗಲಿಲ್ಲ. ಬ್ರಿಡ್ಲಿಂಗ್ಟನ್ನಿನಲ್ಲಿರುವ ತಂಗಿಯ ಮನೆಗೆ ಹೋಗೋಣವೆಂದರೆ ನಾರ್ಮನ್ ಒಲ್ಲೆ ಎಂದ, ಸಿಗ್ನಲ್ ಕಂಬಕ್ಕೆ ಬಣ್ಣ ಹೊಡೆಯಬೇಕಂತೆ. "ಹಾಗಾದ್ರೆ ಅಲ್ಲೇ ಬಿದ್ದಿರು! ಇಳಿದು ಬರ್ಲೇ ಬೇಡ!" ಎಂದು ಕೂಗಿ ಬೆರಿಲ್ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಿಟ್ಟಿಗೆ ಶುಂಠಿ ಕೇಕು ಬೇಯಿಸಿದಳು. ಟೀ ಹೊತ್ತಾದರೂ ಅವನನ್ನು ಕರೆಯಲಿಲ್ಲ, ಅವನೇ ಬರಲಿ ಎಂದು ಬಿಗಿದುಕೊಂಡು ಕೂತಳು. ಕತ್ತಲಾದ ಮೇಲೆ ಏಣಿ ಹತ್ತಿ ನೋಡಿದರೆ ಹೊಗೆಗೂಡಿನ ಬುಡದಲ್ಲಿ ಒರಗಿದ್ದ. ಬಣ್ಣದ ಕುಂಚ ಇನ್ನೂ ಕೈಯಲ್ಲೇ ಇತ್ತು. ಆಂಬುಲೆನ್ಸಿನ ಹುಡುಗಿ ಅವಳ ಭುಜ ಹಿಡಿದು, "ಹಾರ್ಟ್ ಅಟ್ಯಾಕು. ಬಹಳ ಹೊತ್ತು ಒದ್ದಾಡಿರಲಿಕ್ಕಿಲ್ಲ" ಅಂದಳು. ಸಮಾಧಾನಕ್ಕೆ ಹೇಳಿದ ಮಾತು. ಬಹಳ ಹೊತ್ತು ಅಲ್ಲದಿದ್ದರೆ ಎಷ್ಟು ಹೊತ್ತು? ಆ ಹೊತ್ತಿನಲ್ಲಿ ಅವನು ತನ್ನನ್ನು ಕರೆದನೇ? ಬೆರಿಲ್‌ಗೆ ಅಂದಿನಿಂದ ಇದೊಂದೇ ಯೋಚನೆ. ಕಿಂಡಿಯ ಬಾಗಿಲಿಗೆ ಅವಳೇ ಸ್ಟೂಲು ಹತ್ತಿ ಸ್ಕ್ರೂ ಬಿಗಿದಳು. ಮತ್ತೆ ಅದನ್ನು ತೆಗೆಯಲಿಲ್ಲ.

ಈಗ ಆ ಬಾಗಿಲಿನ ಮೇಲೆ ಅವನು ನಡೆದಾಡುತ್ತಿದ್ದ.

ಬೆಚ್ಚಿದ್ದು ಕೆಲವೇ ದಿನ. ಆಮೇಲೆ ಅವಳು ಸದ್ದಿಗೆ ಕಾಯತೊಡಗಿದಳು. ಬೆಳಗಿನ ಮೊದಲ ಟಕ್ ಕೇಳಿದರೆ, "ಎದ್ಯಾ?" ಎನ್ನುವಳು. ಹಲ್ಲುನೋವಿನ ಸುದ್ದಿ, ಚರ್ಚಿನಲ್ಲಿ ಪಾದ್ರಿಗೆ ಸೀನು ಬಂದ ಸುದ್ದಿ, ಪಕ್ಕದ ಹದಿನಾಲ್ಕನೇ ನಂಬರಿನ ಶಬ್ನಮ್‌ಗೆ ಹೆಣ್ಣು ಮಗು ಹುಟ್ಟಿದ ಸುದ್ದಿ, ಎಲ್ಲ ಚಾವಣಿಗೆ ಹೇಳಿದಳು. ಮೇಲಿನವನು ಒಮ್ಮೆ ಉಸಿರು ಬಿಟ್ಟು ಗುನುಗುತ್ತ ಕೇಳಿಸಿಕೊಳ್ಳುವನು. ಬದುಕಿದ್ದಾಗಲೂ ಅವನ ಉತ್ತರ ಇಷ್ಟೇ ಆಗಿತ್ತಾದ್ದರಿಂದ ಅವಳಿಗೆ ಕೊರತೆಯೆನಿಸಲಿಲ್ಲ. ಊಟ ಸೇರತೊಡಗಿತು. ಅಕ್ಕಪಕ್ಕದವರು, "ಬೆರಿಲ್ ಚೇತರಿಸ್ಕೊಂಡ್ಳು" ಎಂದು ಮಾತಾಡಿಕೊಂಡರು.

ಹಿಮ ಬಿದ್ದ ಒಂದು ಸಂಜೆ, ಮಂಚದ ಅಂಚಿನಲ್ಲಿ ಕೂತು ಅವಳು ಕೊನೆಗೂ ಕೇಳಿಯೇಬಿಟ್ಟಳು. "ನಾರ್ಮನ್, ಆವತ್ತು ನನ್ನ ಕರೆದ್ಯಾ? ಕರೆದಿದ್ರೆ ಹೇಳ್ಬಿಡೋ. ನಾನು ತಡ್ಕೋತೀನಿ."

ಗುನುಗು ಅಲ್ಲಿಗೇ ನಿಂತಿತು. ಒಂದು ಟಕ್ ಕೇಳಿತು. ಆಮೇಲೆ ಏನೂ ಇಲ್ಲ.

ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಬೆರಿಲ್ ಕ್ಷಮೆ ಕೇಳಿದಳು, ಬೈದಳು, ಪೊರಕೆಯ ಹಿಡಿಯಿಂದ ಚಾವಣಿ ಕುಟ್ಟಿದಳು. ಮೌನವೇ ಅವನ ಉತ್ತರವೆಂದು ಅವಳಿಗೆ ಖಾತ್ರಿಯಾಯಿತು. ಕರೆದಿದ್ದಾನೆ. ಕರೆದು ಕರೆದು ಸತ್ತಿದ್ದಾನೆ. ಈಗ ಅದನ್ನು ತಿಳಿಸಿ, ಮುಖ ತಿರುಗಿಸಿ, ನಿಜವಾಗಿಯೂ ಹೊರಟುಹೋಗಿದ್ದಾನೆ. ಅವಳಿಗೆ ಊಟ ಮತ್ತೆ ಸೇರದಾಯಿತು. ಕನ್ನಡಿ ನೋಡುವುದಕ್ಕೆ ಹೆದರಿಕೆಯಾಗುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಪಕ್ಕದ ಮನೆಯ ಇಮ್ತಿಯಾಜ್ ಬಾಗಿಲು ತಟ್ಟಿದ. ಕನ್ನಡಕದ ಅಂಗಡಿಯಲ್ಲಿ ಗಾಜಿಗೆ ಸಾಣೆ ಹಿಡಿಯುವ ಹುಡುಗ, ಶಬ್ನಮ್‌ಳ ಗಂಡ. ಕೋಟಿನ ಮೇಲೊಂದು ಕೋಟು ಹಾಕಿಕೊಂಡಿದ್ದ.

"ಆಂಟಿ, ಬೈಬೇಡಿ. ಒಂದ್ ವಿಷ್ಯ ಹೇಳ್ಬೇಕು. ನಮ್ಮ ಬಾಯ್ಲರ್ ಕೆಟ್ಟು ವಾರ ಆಯ್ತು. ಮನೆ ಬಿಸಿ ಮಾಡೋ ಪೈಪೆಲ್ಲ ತಣ್ಣಗಾಗಿದೆ."

"ಅಯ್ಯೋ, ಕೂಸಿರೋ ಮನೆ! ನನ್ನ ಹೀಟರ್ ತಗೊಂಡ್ ಹೋಗು."

"ಹೀಟರ್ ಇದೆ ಆಂಟಿ. ವಿಷ್ಯ ಅದಲ್ಲ." ಅವನು ಶೂ ತುದಿ ನೋಡಿಕೊಂಡ. "ನಮ್ಮ ಬಾಯ್ಲರ್ ನಿಮ್ಮನೇಲಿದೆ."

ಬೆರಿಲ್ ಅವನ ಮುಖವನ್ನೇ ನೋಡಿದಳು. ಚಳಿಗೆ ಹುಡುಗನ ತಲೆ ಕೆಟ್ಟಿರಬೇಕು.

ತಲೆ ಕೆಟ್ಟಿದ್ದು ಅವನದಲ್ಲ, ಆ ಸಾಲುಮನೆ ಕಟ್ಟಿಸಿದ ಗಿರಣಿ ಸಾಹುಕಾರನದು. ಮನೆ ಮನೆಗೂ ನಡುಗೋಡೆ ಎತ್ತಿಸಿದವನು ಮಾಡಿನ ಕೆಳಗೆ ಬರುತ್ತಲೇ ಕಲ್ಲು ಉಳಿಸಲು ಕೈ ಬಿಟ್ಟಿದ್ದ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಅಟ್ಟ ಒಂದೇ. ಬೇಸಿಗೆಯಲ್ಲಿ ಹದಿನಾಲ್ಕನೇ ನಂಬರಿನ ಅಟ್ಟಕ್ಕೆ ಬಾಯ್ಲರ್ ಕೂರಿಸಲು ಬಂದ ಫಿಟ್ಟರ್ ಹತ್ತಿ ನೋಡಿದ್ದಾನೆ. ಅಲ್ಲಿ ಬರೀ ತೊಲೆಗಳು, ಕಾಲಿಡಲು ಜಾಗವಿಲ್ಲ. ಬಾಯ್ಲರ್ ಕಂಪನಿಯ ಕಟ್ಟಳೆಯೋ, ಅಟ್ಟದಲ್ಲಿ ಬಾಯ್ಲರ್ ಇಟ್ಟರೆ ಕೆಳಗೆ ಹಲಗೆ ಹಾಸಿರಬೇಕು, ದೀಪ ಇರಬೇಕು, ಗಟ್ಟಿ ಏಣಿ ಇರಬೇಕು; ಇಲ್ಲದಿದ್ದರೆ ವಾರಂಟಿ ಇಲ್ಲ. ಕತ್ತೆತ್ತಿ ನೋಡಿದರೆ ಹೊಗೆಗೂಡಿನ ಆಚೆ ಮೂರೂ ತಯಾರಾಗಿ ಕೂತಿವೆ. ಮಹಾರಾಯ ತೊಲೆಯ ಮೇಲೆ ತೆವಳಿ ಆ ಕಡೆ ಹೋಗಿ, ಹೊಗೆಗೂಡಿಗೆ ಬಾಯ್ಲರ್ ನೇತುಹಾಕಿ, ಚೆಂದದ ಫೋಟೋ ತೆಗೆದು ಕಂಪನಿಗೆ ಕಳಿಸಿ, ಕೈ ತೊಳೆದುಕೊಂಡ. ಬೆರಿಲ್ ಆ ವಾರ ತಂಗಿಯ ಮನೆಯಲ್ಲಿದ್ದಳು.

"ನಂಗೇನ್ ಗೊತ್ತು ಆಂಟಿ? ನಾನ್ಯಾವತ್ತು ಅಟ್ಟ ಹತ್ತಿದ್ದೆ!" ಎಂದ ಇಮ್ತಿಯಾಜ್. "ನಿನ್ನೆ ಕಂಪನಿಯವನು ಬಂದ. ತೊಲೆ ಮೇಲೆ ಸರ್ಕಸ್ ಮಾಡೋಕೆ ನಂಗೆ ಸಂಬಳ ಕೊಡಲ್ಲ, ಫೋಟೋ ಒಂದು ಮನೇದು, ವಿಳಾಸ ಇನ್ನೊಂದು ಮನೇದು, ನಿಮ್ಮ ವಾರಂಟಿ ರದ್ದು ಅಂತ ಇಳಿದುಬಿಟ್ಟ. ಆ ಫಿಟ್ಟರ್ ಫೋನೇ ಎತ್ತಲ್ಲ. ಕಂಪನಿಗೆ ಫೋನ್ ಮಾಡಿದ್ರೆ ಅರ್ಧ ಗಂಟೆ ಪಿಟೀಲು ಕೇಳಿಸ್ತಾರೆ. ಶಬ್ನಮ್ ಮಗೂನ ಎತ್ಕೊಂಡು ಅತ್ತು ಕರೆದ ಮೇಲೆ ಒಪ್ಪಿದಾರೆ. ಈ ಒಂದ್ಸಲ ರಿಪೇರಿ ಮಾಡ್ತಾರಂತೆ, ವಸಂತಕ್ಕೆ ಮುಂಚೆ ನಮ್ಮ ಕಡೆ ಸರಿಸ್ಕೋಬೇಕಂತೆ. ಆದ್ರೆ ಅವನು ಹತ್ತೋದು ನಿಮ್ಮ ಏಣಿಯಿಂದ್ಲೇ ಅಂತೆ."

ಬೆರಿಲ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅದು ಸದ್ದು ಮಾಡತ್ತಾ?"

"ಏನು, ಬಾಯ್ಲರಾ? ಚಳಿ ಬಿದ್ಮೇಲೆ ದಿನವಿಡೀ ಉರೀತಿತ್ತು. ಹೊತ್ಕೊಂಡಾಗ ಒಂಥರಾ ಉಸ್ ಅನ್ನತ್ತೆ, ಆಮೇಲೆ ಗುಂಯ್ ಅಂತಿರತ್ತೆ. ಪೈಪು ಕಾದ್ರೆ ಟಕ್ ಟಕ್ ಅನ್ನತ್ತೆ. ನಿಮ್ಗೆ ತೊಂದ್ರೆ ಆಗ್ತಿತ್ತಾ? ಹೇಳ್ಬಾರ್ದಾ ಆಂಟಿ!"

"ಅಟ್ಟದ ಬಾಗ್ಲು ತೆಗೆಯೋಕಾಗಲ್ಲ. ಹೋಗು," ಎಂದು ಅವಳು ಅವನ ಮುಖದ ಮೇಲೆಯೇ ಬಾಗಿಲು ಹಾಕಿದಳು. ಹುಟ್ಟಿದಾಗಿನಿಂದ ಯಾರಿಗೂ ಹಾಗೆ ಮಾಡಿದವಳಲ್ಲ.

ಒಂದಿಡೀ ಚಳಿಗಾಲ ಬಾಯ್ಲರಿಗೆ ಹಲ್ಲುನೋವಿನ ಕಥೆ ಹೇಳಿದ್ದಳು! ಹೇಳಿ ಮುಗಿಸಿ ಗುಡ್ ನೈಟ್ ಬೇರೆ ಹೇಳುತ್ತಿದ್ದಳು. ನಾಚಿಕೆಯಿಂದ ಮೈ ಬಿಸಿಯಾಯಿತು. ಅದು ಇಳಿಯುತ್ತಲೇ ಅಳು ಬಂತು, ಏಕೆಂದರೆ ಅವಳ ಪಾಲಿಗೆ ನಾರ್ಮನ್ ಈಗ ಮತ್ತೊಮ್ಮೆ ಸತ್ತಿದ್ದ. ಒಂದು ಮಾತು ಮಾತ್ರ ಹಗುರ ಮಾಡಿತು. ಆ ಸಂಜೆಯ ಮೌನ ಅವನ ಉತ್ತರವಾಗಿರಲಿಲ್ಲ. ಯಂತ್ರ ಕೆಟ್ಟಿತ್ತು, ಅಷ್ಟೆ. ಆದರೆ ಹಾಗಾದರೆ ಅವಳ ಪ್ರಶ್ನೆಗೆ ಯಾರೂ ಉತ್ತರವನ್ನೇ ಕೊಟ್ಟಿರಲಿಲ್ಲ, ಇನ್ನು ಕೊಡುವವರೂ ಇರಲಿಲ್ಲ.

ಗೋಡೆಯಾಚೆ ಮಗು ಅಳುತ್ತಿತ್ತು. ಶಬ್ನಮ್ ಅದನ್ನು ಆಡಿಸುತ್ತ ಅತ್ತಿತ್ತ ನಡೆಯುವುದು ಕೇಳುತ್ತಿತ್ತು. ಬೆಳಿಗ್ಗೆ ಬೆರಿಲ್ ಸ್ಕ್ರೂಡ್ರೈವರ್ ಹಿಡಿದು ಸ್ಟೂಲು ಹತ್ತಿದಳು. ತುಕ್ಕು ಹಿಡಿದ ಸ್ಕ್ರೂಗಳು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬಾಗಿಲು ತೆರೆದಾಗ ಅಟ್ಟದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಅದರಲ್ಲಿ ಇನ್ನೂ ಬಣ್ಣದ ವಾಸನೆಯಿತ್ತು, ಅಥವಾ ಇದ್ದಂತೆ ಅವಳಿಗನಿಸಿತು. ಮೇಲೆ ಹತ್ತಲು ಮಾತ್ರ ಧೈರ್ಯ ಬರಲಿಲ್ಲ. ಪಕ್ಕದ ಮನೆಗೆ ಹೋಗಿ, "ಆ ನಿಮ್ಮ ಕಂಪನಿಯವನ್ನ ಕರೀರಿ" ಎಂದಷ್ಟೇ ಹೇಳಿ ಬಂದಳು.

ಬಂದವನ ಹೆಸರು ಡಂಕನ್. ದಪ್ಪ ಆಳು, ದಪ್ಪ ಗಂಟಲು. ಏಣಿಯನ್ನು ಅಲ್ಲಾಡಿಸಿ ನೋಡಿ ಮೆಚ್ಚಿದ. "ಯಾರಮ್ಮಾ ಹಾಕಿದ್ದು? ಇಂಥ ಏಣಿ ಎಲ್ಲ ಮನೇಲೂ ಇದ್ರೆ ನಂಗೆ ಬೆನ್ನುನೋವೇ ಇರ್ತಿರ್ಲಿಲ್ಲ."

"ನಮ್ಮನೆಯವರು."

ಅವನು ಹತ್ತಿ ಒಳಗೆ ಇಣುಕಿದ. "ಮೇಲೆ ರೈಲು ಬೇರೆ ಇದ್ಯಲ್ಲ! ಆ ಫಿಟ್ಟರ್ ಕತ್ತೆ ಸ್ಟೇಷನ್ ಮೇಲೇ ಬಾಯ್ಲರ್ ನೇತುಹಾಕವ್ನೆ. ಸರಿ, ನೋಡಿ, ಪಕ್ಕದ್ಮನೆ ಹುಡುಗ ನಲ್ಲಿ ಹತ್ರ ನಿಂತಿರ್ಲಿ. ನಾನು ಮೇಲಿಂದ ಕೂಗ್ತೀನಿ, ನೀವು ಹೋಗಿ ಬಿಸಿನೀರು ಬಿಡು ಅಂತ ಹೇಳಿ. ಆಯ್ತಾ?"

"ಆಯ್ತು," ಎಂದು ಬೆರಿಲ್ ಟೀ ಮಾಡಲು ಅಡುಗೆಮನೆಗೆ ಹೋದಳು. ಬೆಚ್ಚಗಿರಲೆಂದು ಅಭ್ಯಾಸಬಲದಿಂದ ಬಾಗಿಲು ಎಳೆದುಕೊಂಡಳು. ಟೀ ಆಯಿತು, ಆರಿತು. ಅವನು ಕೂಗಲಿಲ್ಲ. ಕೊನೆಗೆ ಬಾಗಿಲು ದೂಡಿಕೊಂಡು ಅವನೇ ಒಳಗೆ ಬಂದ, ಮುಖ ಕೆಂಪಾಗಿತ್ತು.

"ಏನಮ್ಮಾ ನೀವು! ಗಂಟಲು ಹರಿದುಹೋಗೋ ಹಾಗೆ ಕಿರುಚಿದೀನಿ, ನೀವಿಲ್ಲಿ ಟೀ ಕುಡೀತಾ ಕೂತಿದೀರಾ?"

"ಕೂಗಿದ್ರಾ?"

"ಪಕ್ಕದ ಹುಡುಗನಿಗೇ ಕೇಳಿಸ್ತು! ನಿಮ್ಗೆ ಕಿವಿ ಮಂದವಾ?"

ಇಮ್ತಿಯಾಜ್ ಅವನ ಹಿಂದೆಯೇ ಓಡಿಬಂದಿದ್ದ. "ನಮ್ಮ ಅಟ್ಟದಿಂದ ಕೇಳಿಸ್ತು ಆಂಟಿ. ನಲ್ಲಿ ಬಿಟ್ಟೆ. ಬಿಸಿನೀರು ಬಂತು!"

ಬೆರಿಲ್ ಕುರ್ಚಿಯಿಂದ ಎದ್ದಳು. ಕಿವಿ ಮಂದವಲ್ಲ, ಗೋಡೆಯಾಚೆಯ ಕೂಸು ಮುಲುಗಿದರೂ ಅವಳಿಗೆ ಕೇಳುತ್ತಿತ್ತು.

"ಡಂಕನ್, ಇನ್ನೊಂದ್ಸಲ ಹತ್ತಿ. ಹೊಗೆಗೂಡಿನ ಹತ್ರ ಹೋಗಿ ಕೂಗಿ."

"ಯಾಕಮ್ಮಾ? ಕೆಲಸ ಮುಗೀತಲ್ಲ."

"ನಿಮ್ಮ ಕಾಲಿಗೆ ಬೀಳ್ತೀನಿ, ಹತ್ತಿ."

ಆ ದನಿಗೆ ಅವನು ಏಣಿಯ ಕಡೆ ಹೊರಟ. ಬಾಗಿಲ ಬಳಿ ತಿರುಗಿ, "ಏನಂತ ಕೂಗ್ಲಿ?" ಎಂದ.

"ಬೆರಿಲ್ ಅಂತ."

ಇಮ್ತಿಯಾಜ್‌ನನ್ನು ಅವಳು ಮೆಟ್ಟಿಲ ನಡುವೆ ನಿಲ್ಲಿಸಿದಳು. "ಅವರು ಕೂಗ್ದಾಗೆಲ್ಲ ಕೈ ಎತ್ತು. ನಾನು ಅಡುಗೆಮನೆ ಬಾಗಿಲ ಗಾಜಿನಿಂದ ನೋಡ್ತಿರ್ತೀನಿ." ಹುಡುಗನಿಗೆ ಏನೂ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದ. ಬೆರಿಲ್ ಅಡುಗೆಮನೆಯ ಬಾಗಿಲು ಹಾಕಿದಳು. ಫ್ರಿಜ್ಜಿನ ತಂತಿ ಕಿತ್ತಳು. ಗಡಿಯಾರವನ್ನು ಗೋಡೆಯಿಂದ ಇಳಿಸಿ ಕುರ್ಚಿಯ ದಿಂಬಿನಡಿ ಇಟ್ಟಳು. ಆ ದಿನ ಕೇಕಿನ ಹಿಟ್ಟು ಕಲಸುತ್ತ ನಿಂತಿದ್ದ ಜಾಗದಲ್ಲಿಯೇ ನಿಂತು, ಬಾಗಿಲ ಗಾಜಿನ ಕಡೆ ನೋಡಿದಳು.

ಇಮ್ತಿಯಾಜ್ ಕೈ ಎತ್ತಿದ.

ಅವಳು ಉಸಿರು ಹಿಡಿದಳು. ಏನೂ ಕೇಳಿಸಲಿಲ್ಲ.

ಕೈ ಇಳಿಯಿತು, ಮತ್ತೆ ಎದ್ದಿತು. ಮೇಲೆ ಒಬ್ಬ ಗಂಡಸು ಎದೆ ತುಂಬ ಗಾಳಿ ಎಳೆದುಕೊಂಡು ಅವಳ ಹೆಸರು ಹಿಡಿದು ಕರೆಯುತ್ತಿದ್ದ. ಅವನಂಥ ಗಟ್ಟಿ ಆಳಿನ ಕೂಗೇ ಇಲ್ಲಿಗೆ ಬರದಿದ್ದರೆ, ಎದೆ ಹಿಡಿದುಕೊಂಡು ಬಿದ್ದವನ ಕೂಗು ಹೇಗೆ ಬಂದೀತು? ಎರಡು ವರ್ಷ ಅವಳು ತನ್ನ ಸಿಟ್ಟಿಗೆ, ತನ್ನ ಬಿಂಕಕ್ಕೆ ಶಾಪ ಹಾಕಿಕೊಂಡಿದ್ದಳು. ಕಿವಿಗೆ ಬಿದ್ದರೂ ಬೇಕೆಂದೇ ಕೇಳಿಸಿಕೊಳ್ಳಲಿಲ್ಲವೇನೋ ಎಂದು ಹೆದರಿ ಸತ್ತಿದ್ದಳು. ಇಲ್ಲ. ಕೇಳುವುದೇ ಇಲ್ಲ. ಆದರೆ ಅವನು ಕರೆದಿರಲೂಬಹುದು. ಕರೆಯುತ್ತ, ಇನ್ನೇನು ಬಂದಳು, ಇನ್ನೇನು ಬಂದಳು ಎಂದು ಏಣಿಯ ಕಡೆ ನೋಡುತ್ತ ಇದ್ದಿರಬಹುದು.

ಕೈ ಎದ್ದಿತು. ಇಳಿಯಿತು. ಎದ್ದಿತು.

"ಕೇಳಿಸ್ಲಿಲ್ಲ ಕಣೋ ನಾರ್ಮನ್," ಎಂದಳು ಬೆರಿಲ್ ಗಟ್ಟಿಯಾಗಿ. "ಕೇಳಿಸಿದ್ರೆ ಓಡಿ ಬರ್ತಿದ್ದೆ."

ಗಾಜಿನಾಚೆ ಇಮ್ತಿಯಾಜ್ ಕೈ ಇಳಿಸಲು ಮರೆತು ಅವಳನ್ನೇ ನೋಡುತ್ತ ನಿಂತಿದ್ದ. ಸಾಕು ಎಂದು ಸನ್ನೆ ಮಾಡುವ ಮನಸ್ಸು ಅವಳಿಗೆ ಬರಲಿಲ್ಲ.