ಬಚ್ಚಲಮನೆಯ ಪೆಟ್ರೋಲ್

ನಮ್ಮ ಮನೆಯ ಬಚ್ಚಲಿಗೆ ಈಗ ಮೂಗು ಮುಚ್ಚಿಕೊಂಡೇ ಹೋಗಬೇಕು. ಕೊಳೆತ ಅನ್ನ, ಹುಳಿ ಬಂದ ಹಿಟ್ಟು, ಮೇಲೆ ಒಂದಿಷ್ಟು ಆಸ್ಪತ್ರೆಯ ಸ್ಪಿರಿಟ್ಟು, ಇಷ್ಟೂ ಕೂಡಿದರೆ ಎಂಥ ನಾತ ಬರುತ್ತದೋ ಅಂಥದ್ದು. ಮೈ ತೊಳೆದುಕೊಂಡು ಬಂದರೂ ಬಿಡುವುದಿಲ್ಲ. ಕೂದಲಲ್ಲಿ ಅದೇ, ಸೀರೆಯಲ್ಲಿ ಅದೇ, ರೊಟ್ಟಿ ಬಡಿಯಲು ಕೂತರೆ ಹಿಟ್ಟಿನಲ್ಲೂ ಅದೇ. ನಮ್ಮ ಯಜಮಾನರಿಗೆ ಮಾತ್ರ ಅದು ನಾತವಲ್ಲ. ಎದೆಯುಬ್ಬಿಸಿ ಎಥೆನಾಲ್ ಅನ್ನುತ್ತಾರೆ.

ಗಂಡನ ಹೆಸರು ಹೇಳಬಾರದು ಅಂತಾರೆ, ನಾನು ಹೇಳುತ್ತೇನೆ. ಅಮರಗುಂಡಪ್ಪ. ಸಿಂಧನೂರಿನಲ್ಲಿ ನುಚ್ಚು, ತೌಡಿನ ಅಂಗಡಿ ಇಟ್ಟಿದ್ದಾರೆ. ಮಿಲ್ಲುಗಳಿಂದ ಬರುವ ನುಚ್ಚಕ್ಕಿಯಲ್ಲಿ ತೊಯ್ದು ಮುಗ್ಗಿದ್ದು ಅಷ್ಟೋ ಇಷ್ಟೋ ಉಳಿದೇ ಉಳಿಯುತ್ತದೆ. ಮೊದಲು ಅದನ್ನು ಎಮ್ಮೆ ಸಾಕಿದವರು ಒಯ್ಯುತ್ತಿದ್ದರು. ಯಾವನೋ ಒಬ್ಬ ತನ್ನ ಹಿತ್ತಲಲ್ಲಿ ಪೀಪಾಯಿ ಇಟ್ಟುಕೊಂಡು ಗಾಡಿ ಓಡಿಸುವ ಎಣ್ಣೆ ತೆಗೆಯುವುದನ್ನು ಇವರು ಮೊಬೈಲಿನಲ್ಲಿ ನೋಡಿದ್ದೇ ತಡ, ಎಮ್ಮೆಗಳ ಪಾಲು ನಿಂತುಹೋಯಿತು. ಸರಕಾರವೇ ಪೆಟ್ರೋಲಿಗೆ ಇದನ್ನು ಬೆರೆಸುತ್ತದೆ, ನಾನು ಮಾಡಿಕೊಂಡರೆ ಏನು ತಪ್ಪು ಅಂತ ಅವರ ವಾದ. ಪರವಾನಗಿ ಬೇಡವೇ ಅಂದೆ. ಮೊದಲು ಗಾಡಿ ಓಡಿಸಿ ತೋರಿಸಬೇಕಂತೆ, ಆಮೇಲೆ ಪರವಾನಗಿ ಕೇಳಬೇಕಂತೆ.

ಹಂಡೆ ನನ್ನದು. ಮುದಗಲ್ಲಿನ ನನ್ನ ತವರಿನವರು ಕೊಟ್ಟ ತಾಮ್ರದ ಹಂಡೆ. ನನ್ನ ಬಾಣಂತನದ ನೀರು ಕಾದದ್ದು ಅದರಲ್ಲೇ. ಈಗ ಅದರ ಹೊಟ್ಟೆಯಲ್ಲಿ ಬುರುಬುರು ಅನ್ನುವ ಬೂದುಬಣ್ಣದ ಗಂಜಿ. ಬಾಯಿಗೆ ಹಿಟ್ಟು ಮೆತ್ತಿ, ಲಿಂಗಸುಗೂರಿನ ಗುಜರಿಯಿಂದ ತಂದ ತಾಮ್ರದ ಕೊಳವೆ ಸಿಕ್ಕಿಸಿ, ಅದರ ನಡುವನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿ ತುದಿಯನ್ನು ಆಚೆ ಬಾಟಲಿಗೆ ಬಿಟ್ಟಿದ್ದರು. ದಿನಾ ಲಿಂಗಪೂಜೆ ಮುಗಿಸಿ ಬಂದು, ಹಂಡೆಗೂ ಮೂರು ಬೆರಳು ವಿಭೂತಿ ಎಳೆದು ಒಲೆ ಹಚ್ಚುತ್ತಿದ್ದರು. ಮೊದಮೊದಲು ನಾನು ಸೆರಗು ಬಾಯಿಗಿಟ್ಟು ನಗುತ್ತಿದ್ದೆ.

ತೊಟ್ಟಿಕ್ಕಿದ್ದು ಎಷ್ಟು ಖಡಕ್ ಆಗಿದೆ ಅಂತ ತಿಳಿಯುವುದೇ ಇವರಿಗೆ ದೊಡ್ಡ ಚಿಂತೆ. ನೀರಾಗಿದ್ದರೆ ಸ್ಕೂಟರ್ ಕೆಮ್ಮುತ್ತದೆ. ಕಡ್ಡಿ ಗೀರಿ ನೋಡಲು ಹೋಗಿ ಅರ್ಧ ಮೀಸೆ ಸುಟ್ಟುಕೊಂಡರು. ಅಳೆಯುವ ಗಾಜಿನ ಕೊಳವೆ ತರಿಸಿದರು, ಅದು ಡಬ್ಬಿಯಲ್ಲೇ ಒಡೆದು ಬಂತು. ಆಮೇಲೆ ಆ ಮಾತೇ ನಿಂತಿತು. ಏನೋ ದಾರಿ ಹುಡುಕಿಕೊಂಡಿರಬೇಕು ಅಂತ ನಾನೂ ಸುಮ್ಮನಾದೆ.

ಇಲ್ಲಿ ಪಂಪಣ್ಣನ ವಿಷಯ ಹೇಳಬೇಕು. ಮಸ್ಕಿ ರಸ್ತೆಗೆ, ನಮ್ಮ ಓಣಿಯ ತುದಿಗೇ ಒಂದು ಬ್ರಾಂದಿ ಅಂಗಡಿ ಇತ್ತು. ಅದನ್ನು ಎಬ್ಬಿಸಿದವರು ನಾವು ಹೆಂಗಸರು. ಬಿಸಿಲಲ್ಲಿ ಅದರ ಬಾಗಿಲಿಗೆ ಚಾಪೆ ಹಾಸಿ ಕೂತೆವು, ಬೈಸಿಕೊಂಡೆವು, ಏಳಲಿಲ್ಲ. ಕರೆದವಳು ನಾನು. ಎಲ್ಲರಿಗಿಂತ ಮೊದಲು ಬಂದು ಕೂತವಳು ನಾಟಿ ಹಚ್ಚುವ ಕೂಲಿಗೆ ಹೋಗುವ ಯಮನೂರಮ್ಮ. ಅವಳ ಗಂಡನೇ ಈ ಪಂಪಣ್ಣ. ಕುಡಿದು ಕಾಲುವೆಯ ದಂಡೆಗೆ ಬಿದ್ದಿರುತ್ತಿದ್ದ, ಇವಳು ಹೋಗಿ ಎತ್ತಿಕೊಂಡು ಬರುತ್ತಿದ್ದಳು. ಅಂಗಡಿ ಎದ್ದಮೇಲೆ ಅವನನ್ನು ಗುರಗುಂಟಾಕ್ಕೆ, ಅಮರೇಶ್ವರನ ಗುಡಿಗೆ ಎಳೆದುಕೊಂಡು ಹೋದಳು. ಜೊತೆಗೆ ನಾನೂ ಬಸ್ಸು ಹತ್ತಿದೆ. ಅವನು ಉರಿಯುವ ಕರ್ಪೂರದ ಮೇಲೆ ಕೈಯಿಟ್ಟು ಇನ್ನು ಮುಟ್ಟುವುದಿಲ್ಲ ಅಂದ. ಮುಟ್ಟಲೂ ಇಲ್ಲ. ನಾನೇ ಯಜಮಾನರಿಗೆ ಹೇಳಿ ಅಂಗಡಿಯಲ್ಲಿ ಹಮಾಲಿ ಕೆಲಸ ಕೊಡಿಸಿದೆ. ಚೀಲ ಹೊತ್ತು ಹೊತ್ತು ಮೈ ಗಟ್ಟಿಯಾಯಿತು, ಮುಖಕ್ಕೆ ಕಳೆ ಬಂತು. ಯಮನೂರಮ್ಮ ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಕೈ ಹಿಡಿದುಕೊಂಡೇ ಮಾತಾಡುತ್ತಿದ್ದಳು.

ಲಿಂಗಸುಗೂರಿನಲ್ಲಿ ತಂಗಿಯ ಮೊಮ್ಮಗನ ಹೆಸರಿಡುವ ಕಾರ್ಯವಿತ್ತು. ಸಂಜೆಗೆ ಬರುತ್ತೇನೆ ಅಂದವಳು ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೇ ಬಂದುಬಿಟ್ಟೆ. ಬಚ್ಚಲಿನ ಕದ ಅರ್ಧ ತೆರೆದಿತ್ತು. ಒಲೆಯ ಪಕ್ಕ ಪಂಪಣ್ಣ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಮುಂದೆ ಬಗ್ಗಿ ನಿಂತ ನಮ್ಮ ಯಜಮಾನರು ಒಂದು ಚಮಚ ಹಿಡಿದಿದ್ದರು. ತುಪ್ಪ ಬಡಿಸುವ ಚಮಚ. ಮಗುವಿಗೆ ಔಷಧಿ ಹಾಕುವಂತೆ ಅದನ್ನು ಅವನ ಬಾಯಿಗೆ ಹಾಕಿದರು.

"ಹೆಂಗೈತೋ?" ಅಂದರು.

ಪಂಪಣ್ಣ ಕಣ್ಣು ಮುಚ್ಚಿ, ನಾಲಿಗೆಯನ್ನು ಬಾಯೊಳಗೆಲ್ಲ ತಿರುಗಿಸಿದ. "ನಿನ್ನೀದಕ್ಕಿಂತ ಖಡಕ್ ಐತ್ರಿ ಸಾವ್ಕಾರ," ಅಂದ.

ನಿನ್ನೆಯದಕ್ಕಿಂತ. ಅಂದರೆ ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು. ಮೊದಲು ಇಳಿಯುವುದನ್ನು ಬಾಯಿಗೆ ಹಾಕಿದರೆ ಕಣ್ಣೇ ಹೋಗಬಹುದು ಅಂತ ಅದೇ ಮೊಬೈಲಿನವನು ಹೇಳಿದ್ದ. ಇವರೇ ನನ್ನನ್ನು ಕೂರಿಸಿಕೊಂಡು ಅದನ್ನು ಕೇಳಿಸಿದ್ದರು.

ಏನು ಮಾಡುತ್ತಿದ್ದೀರಿ ಅಂತ ಕೇಳಿದೆ. ಅವರು ಗಾಬರಿಯಾದರು ಅಂದುಕೊಂಡಿರೇನು? ಇಲ್ಲ. ಚೀಲ ಹೊರಲು ಆಳು ಕರೆದಷ್ಟೇ ಸಲೀಸಾಗಿ ಹೇಳಿದರು.

"ನಾ ಲಿಂಗ ಕಟ್ಟಿದಾಂವ, ನನ್ನ ಬಾಯಿಗೆ ಹೆಂಗ ಹಾಕ್ಕೊಳ್ಳಲಿ? ಅವಂಗಾದ್ರ ರೂಢಿ ಐತಿ. ಒಂದು ಚಮಚಕ್ಕ ಏನಾಕ್ಕೈತಿ, ನೀ ಸುಮ್ನಿರು."

ಪಂಪಣ್ಣ ನನ್ನ ಮುಖ ನೋಡಲಿಲ್ಲ. ಸಾವ್ಕಾರರು ಕೆಲಸ ಅಂದರು, ಮಾಡಿದೆ ಅಂತ ನೆಲಕ್ಕೆ ಹೇಳಿ ಎದ್ದುಹೋದ. ಅವನು ಇನ್ನು ಬಚ್ಚಲಿಗೆ ಕಾಲಿಡಕೂಡದು ಅಂದೆ. ಯಜಮಾನರು ಆಯಿತು ಅಂದರು. ಆಯಿತು ಅನ್ನುವುದರಲ್ಲಿ ಅವರು ಯಾವತ್ತೂ ಹಿಂದೆ ಬಿದ್ದವರಲ್ಲ. ಆ ಚಮಚವನ್ನು ಬೂದಿ ಹಾಕಿ ತಿಕ್ಕಿದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ. ಅನ್ನಕ್ಕೆ ತುಪ್ಪ ಹಾಕಿಕೊಳ್ಳಲು ಮನಸ್ಸಾಗಲಿಲ್ಲ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಯಮನೂರಮ್ಮ ಬಂದು ನಮ್ಮ ಕಟ್ಟೆಯ ಕೆಳಗೆ ನಿಂತಳು. ಒಳಗೆ ಬಾ ಅಂದರೂ ಬರಲಿಲ್ಲ. ಪಂಪಣ್ಣನ ವಿಷಯ ಸಣ್ಣ ದನಿಯಲ್ಲಿ ಹೇಳಿದಳು. ನಾನು ಬೇಡ ಅಂದಮೇಲೂ ಚಮಚ ನಡೆದೇ ಇತ್ತಂತೆ, ಬಚ್ಚಲಲ್ಲಿ ಅಲ್ಲ, ಅಂಗಡಿಯ ಹಿಂದೆ, ಬಾಟಲಿ ಅಲ್ಲಿಗೇ ಒಯ್ದು. ಒಂದು ಚಮಚ ಬಾಯಿಗೆ ಬಿದ್ದಮೇಲೆ ಅವನಿಗೆ ಸಂಜೆ ಕಳೆಯುವುದು ಆಗುತ್ತಿಲ್ಲವಂತೆ. ಊರಲ್ಲಿ ಕುಡಿದರೆ ಗುರುತಿನವರು ನೋಡುತ್ತಾರೆ ಅಂತ ಬಸ್ಸು ಹತ್ತಿ ಮಸ್ಕಿಗೆ ಹೋಗಿ ಕುಡಿದು ಬರುತ್ತಾನಂತೆ. ಮೊನ್ನೆ ಮತ್ತೆ ಕಾಲುವೆಯ ದಂಡೆಯಿಂದ ಎತ್ತಿಕೊಂಡು ಬಂದಳಂತೆ. ನನ್ನ ಕೈ ಹಿಡಿಯಲಿಲ್ಲ ಈ ಸಲ.

"ಅಕ್ಕಾರ, ಅಂಗಡಿ ಮುಂದ ಕುಂದ್ರು ಅಂದ್ರಿ, ಕುಂತ್ವಿ," ಅಂದಳು. "ಈಗ ನಿಮ್ಮನಿ ಮುಂದ ಎಲ್ಲಿ ಕುಂದ್ರಲಿ, ನೀವ ಹೇಳ್ರಿ."

ಬೈದಿದ್ದರೆ ಚೆನ್ನಾಗಿತ್ತು. ಅವಳು ನಿಜವಾಗಿಯೇ ಜಾಗ ಕೇಳುತ್ತಿದ್ದಳು.

ಅಷ್ಟರಲ್ಲಿ ಯಜಮಾನರು ಪಡಸಾಲೆಯಲ್ಲಿದ್ದ ಸ್ಕೂಟರ್ ಹೊರಗೆ ತೆಗೆಯಲು ಬಂದರು. ಮಸ್ಕಿಯ ಗೆಳೆಯರೊಬ್ಬರಿಗೆ ತಮ್ಮ ಎಣ್ಣೆಯಲ್ಲಿ ಗಾಡಿ ಓಡಿಸಿ ತೋರಿಸುವುದಿತ್ತಂತೆ. ಹಣೆಯ ತುಂಬ ವಿಭೂತಿ, ಬಗಲಲ್ಲಿ ಬಾಟಲಿ. ನಾನು ಒಳಗೆ ಹೋಗಿ ಆ ಚಮಚ ತಂದೆ. ಬಾಟಲಿ ಕಸಿದು ಚಮಚ ತುಂಬಿಸಿದೆ. ಅರ್ಧ ನನ್ನ ಕೈಮೇಲೇ ಚೆಲ್ಲಿತು. ಉಳಿದದ್ದನ್ನು ಅವರ ಬಾಯಿಯ ಹತ್ತಿರ ಒಯ್ದೆ.

"ಇವತ್ತ ನೀವ ರುಚಿ ನೋಡ್ರಿ," ಅಂದೆ.

ಅವರು ಗೋಡೆಗೆ ಬೆನ್ನು ಹತ್ತುವವರೆಗೆ ಹಿಂದೆ ಸರಿದರು. ಒಂದು ಕೈ ಅಂಗಿಯ ಮೇಲಿಂದಲೇ ಎದೆಯ ಲಿಂಗ ಮುಚ್ಚಿತು. "ಛೀ, ತಗಿ ಅತ್ತಾಗ," ಅಂದರು. ಮುಖ ಹೇಗೆ ಕಿವುಚಿದರೆಂದರೆ, ಇಷ್ಟು ವರ್ಷ ಅವರೊಡನೆ ಬಾಳಿದ ನಾನು ಅಂಥ ಅಸಹ್ಯವನ್ನು ಅವರ ಮುಖದಲ್ಲಿ ಕಂಡಿರಲಿಲ್ಲ. ಅದನ್ನು ನೋಡಿ ನನಗೆ ಅವರ ಮೇಲೇ ಹೇಸಿಗೆ ಬಂತು. ಈ ಮನುಷ್ಯನಿಗೆ ಅದು ಹೊಲಸು ಅಂತ ಮೊದಲಿಂದ ಗೊತ್ತಿತ್ತು. ಗೊತ್ತಿದ್ದೇ ಇನ್ನೊಬ್ಬನ ಬಾಯಿ ತೆರೆಸಿದ್ದರು.

ಅಷ್ಟನ್ನೂ ಅವರ ಮುಖಕ್ಕೇ ಹೇಳಿದೆ. ಓಣಿಯ ಮಂದಿ ನೋಡುತ್ತಾರೆ, ಒಳಗೆ ಬಾ ಅಂದರು. ನಾನು ಒಳಗೆ ಹೋದೆ, ಚಾಪೆ ತರಲು. ಬ್ರಾಂದಿ ಅಂಗಡಿಯ ಮುಂದೆ ಹಾಸಿದ್ದ ಚಾಪೆಯೇ. ನಮ್ಮ ತಲೆಬಾಗಿಲಿಗೆ ಅಡ್ಡ ಹಾಸಿ ಕೂತೆ, ಯಮನೂರಮ್ಮನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡೆ. ಹಂಡೆ ಹೊರಗೆ ಬಂದು ಗಂಜಿಯೆಲ್ಲ ಗಟಾರಕ್ಕೆ ಹೋಗುವ ತನಕ ಈ ಬಾಗಿಲಿಂದ ಸ್ಕೂಟರ್ ದಾಟುವುದಿಲ್ಲ ಅಂದೆ. ಅವರು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡು ನನ್ನ ಹಿಂದೆಯೇ ನಿಂತಿದ್ದರು.

ಓಣಿಯ ತಿರುವಿನಲ್ಲಿ ಪಂಪಣ್ಣ ಕಾಣಿಸಿಕೊಂಡ. ನೆಟ್ಟಗೆ ಮನೆಯ ಮುಂದೆ ಬಂದು ನಿಂತ. ಹೆಂಡತಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನಾನು ಕೈಯಲ್ಲೇ ಹಿಡಿದುಕೊಂಡಿದ್ದ ಚಮಚ ನೋಡಿದ. ಅಂಗೈಯಿಂದ ತುಟಿ ಒರೆಸಿಕೊಂಡ.

"ಸಾವ್ಕಾರ," ಅಂದ, "ಇವತ್ತ ರುಚಿ ನೋಡೂದಿಲ್ಲೇನ್ರಿ?"

ಯಮನೂರಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಮ್ಮ ಯಜಮಾನರು ಸ್ಕೂಟರ್ ಅಲ್ಲೇ ಬಿಟ್ಟು ಒಳಕೋಣೆಗೆ ಹೋಗಿ ಕದ ಹಾಕಿಕೊಂಡರು.