ವೀಬೆಯ ಹೆಸರಿನ ಕೊಳವೆ

“ನಿನ್ನ ಕಾಗದ ಬಂತು ಕಣೋ,” ಎಂದಳು ಹಿಲ್ಕೆ ಬಚ್ಚಲ ಬಾಗಿಲಾಚೆಯಿಂದ. “ಓದ್ಲಾ, ಇಲ್ಲಾ ಇನ್ನೂ ನೆನೀತಿರ್ತೀಯಾ?”

“ಓದು,” ಎಂದ ವೀಬೆ. ಬಿಸಿನೀರಿನ ಟಬ್ಬಿನಲ್ಲಿ ಕುಂಡೆ ಊರಿ ಕೂತಿದ್ದ. ಎಂಟು ವರ್ಷದ ಮೂಲವ್ಯಾಧಿ ಅದು. ಕಾಲುವೆಯ ಸೇತುವೆ ಎತ್ತಿ ಇಳಿಸುವುದು ಅವನ ಕೆಲಸ. ದೋಣಿ ಬರುವ ತನಕ ಗಾಜಿನ ಗೂಡಿನಲ್ಲಿ ಕೂತೇ ಇರಬೇಕು. ತವುಡಿನ ಗಂಜಿ, ಮುಲಾಮು, ನಡುವೆ ತೂತಿರುವ ದಿಂಬು, ಸಂಜೆಗೊಂದು ಬಿಸಿನೀರು, ಇಷ್ಟನ್ನೂ ಹೆಂಡತಿ ಹಿಲ್ಕೆಯೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯದಂತೆ ನಡೆಸಿಕೊಂಡು ಬಂದಿದ್ದ ಮಹಾಶಯ. ವೈದ್ಯರ ಹತ್ತಿರ ಒಮ್ಮೆಯೂ ಹೋದವನಲ್ಲ. ಅಲ್ಲಿ ಫೋನೆತ್ತುವ ರೆನ್ಸ್ಕೆ, ಹಿಲ್ಕೆಯ ಜೊತೆ ಚರ್ಚಿನಲ್ಲಿ ಹಾಡುವವಳು. ಏನು ತೊಂದರೆ ಎಂದು ಕೇಳಿ ಬರೆದುಕೊಳ್ಳದೆ ಅವಳು ಯಾರನ್ನೂ ಒಳಗೆ ಬಿಡುವುದಿಲ್ಲ.

ಐವತ್ತೈದು ತುಂಬಿದವರಿಗೆಲ್ಲ ಕರುಳಿನ ಕ್ಯಾನ್ಸರ್ ಪರೀಕ್ಷೆಗೆಂದು ಸರ್ಕಾರದಿಂದ ಅಂಚೆಯಲ್ಲಿ ಒಂದು ಹಸಿರು ಕೊಳವೆ ಬರುತ್ತದೆ. ಮಲಕ್ಕೆ ಕಡ್ಡಿ ಚುಚ್ಚಿ, ಕೊಳವೆಯೊಳಗಿಟ್ಟು ವಾಪಸು ಕಳಿಸಬೇಕು. ರಕ್ತ ಕಂಡರೆ ಕರುಳಿಗೆ ಕ್ಯಾಮೆರಾ ಇಳಿಸುತ್ತಾರೆ. ತನ್ನದರಲ್ಲಿ ರಕ್ತ ಸಿಕ್ಕೇ ಸಿಗುತ್ತದೆಂದು ಹೆದರಿ ವೀಬೆ ಅದನ್ನು ಡ್ರಾಯರಿನೊಳಗೆ ತಳ್ಳಿದ್ದ. ನೆನಪಿನೋಲೆಯೂ ಬಂದಾಗ ಹಿಲ್ಕೆಗೆ ರೇಗಿತು. “ಕೊಡಿಲ್ಲಿ, ನಂದೇ ಹಾಕಿ ಕಳಿಸ್ತೀನಿ. ನನಗಿನ್ನೂ ಐವತ್ಮೂರು, ನನ್ನನ್ನ ಯಾರು ಕೇಳ್ತಾರೆ? ನಿನಗೂ ನೆಮ್ಮದಿ, ಅವರಿಗೂ ನೆಮ್ಮದಿ.” ವೀಬೆಯ ಹೆಸರಿದ್ದ ಕೊಳವೆಯನ್ನು ಅವಳೇ ಅಂಚೆಗೆ ಹಾಕಿ ಬಂದಳು. ಆಮೇಲೆ ಒಂದು ವಾರ ಇಬ್ಬರೂ ಅದನ್ನೇ ನೆನೆದು ನಕ್ಕಿದ್ದರು.

ಈಗ ಲಕೋಟೆ ಹರಿದ ಸದ್ದಾಯಿತು. “ನಿಮ್ಮ ಮಲದಲ್ಲಿ ರಕ್ತ ಕಂಡುಬಂದಿದೆ...” ಹಿಲ್ಕೆಗೆ ನಗು ತಡೆಯಲಾಗಲಿಲ್ಲ. “ನೋಡಪ್ಪಾ, ನಿನ್ನ ಹೆಸರು ನೋಡಿದ್ರೇನೇ ರಕ್ತ ಕಾಣುತ್ತೆ ಅವರಿಗೆ.”

“ಹಿಲ್ಕೆ, ಅದು ನಿಂದು.”

ಬಾಗಿಲಾಚೆ ಕಾಗದ ಮಡಿಸಿದ ಸದ್ದಾಯಿತು.

“ನನಗೇನೂ ಆಗಿಲ್ಲ. ನೋವಿಲ್ಲ, ಉರಿಯಿಲ್ಲ. ನಿನ್ನದೇ ಅಂಟ್ಕೊಂಡಿರ್ಬೇಕು.”

“ಅದು ಅಂಟೋ ರೋಗ ಅಲ್ಲ ಕಣೇ.”

“ಹಾಗಾದ್ರೆ ಹರಿದು ಒಲೆಗೆ ಹಾಕ್ತೀನಿ. ಹೀಗೆ ಮೋಸ ಮಾಡಿದ್ವಿ ಅಂತ ತಿಳಿದ್ರೆ ಊರೆಲ್ಲ ಆಡ್ಕೊಳ್ತಾರೆ. ನಾಚಿಕೆಯಿಂದ ಸಾಯ್ತಿದ್ದೋನು ನೀನೇ ಅಲ್ವಾ?”

ವೀಬೆ ಟವೆಲು ಸುತ್ತಿಕೊಂಡು ಹೊರಬಂದ. ಅವಳ ಕೈಯಿಂದ ಕಾಗದ ಕಿತ್ತುಕೊಂಡು, ನೀರು ತೊಟ್ಟಿಕ್ಕಿಸುತ್ತಲೇ ಫೋನಿನ ಹತ್ತಿರ ಹೋದ.

“ರೆನ್ಸ್ಕೆ, ನಾನು ವೀಬೆ. ನನಗೆ ಎಂಟು ವರ್ಷದಿಂದ ಮೂಲವ್ಯಾಧಿ ಇದೆ, ಬರ್ಕೊ. ಆ ಪರೀಕ್ಷೆಗೆ ನಂದು ಕಳಿಸೋಕೆ ಹೆದರಿ ಹೆಂಡತೀದು ಕಳಿಸಿದ್ವಿ, ಅದನ್ನೂ ಬರ್ಕೊ. ರಕ್ತ ಸಿಕ್ಕಿರೋದು ಅವಳದ್ರಲ್ಲಿ.”

ರೆನ್ಸ್ಕೆ ನಗಲಿಲ್ಲ. ಬೆಳಗ್ಗೆ ಎಂಟಕ್ಕೆ ಇಬ್ಬರೂ ಬನ್ನಿ ಎಂದಳು.

ವೈದ್ಯೆ ವೀಬೆಯನ್ನು ಪರೀಕ್ಷಿಸಿದ್ದು ಎರಡೇ ನಿಮಿಷ. “ಮೂಲವ್ಯಾಧಿನೇ. ಪಾಯಿಖಾನೇಲಿ ಪೇಪರ್ ಓದ್ತಾ ಕೂರ್ಬೇಡಿ, ತಿಣುಕಬೇಡಿ, ನೀರು ಜಾಸ್ತಿ ಕುಡೀರಿ. ಆದ್ರೂ ಒಂದ್ಸಲ ಕ್ಯಾಮೆರಾ ಹಾಕಿ ನೋಡೋಣ. ಇಷ್ಟು ಹೇಳೋಕೆ ಎಂಟು ವರ್ಷ ಬೇಕಾಯ್ತಾ?” ಹಿಲ್ಕೆಯ ಹೊಟ್ಟೆ ಮುಟ್ಟಿ ನೋಡಿದ ಮೇಲೆ ಆಕೆ ಕೂಡಲೇ ಆಸ್ಪತ್ರೆಗೆ ಚೀಟಿ ಬರೆದಳು.

ವೀಬೆಯ ಕರುಳಿನಲ್ಲಿ ಏನೂ ಇರಲಿಲ್ಲ. ಹಿಲ್ಕೆಯದರಲ್ಲಿ ಗೆಡ್ಡೆಯಿತ್ತು. ಮುಂದಿನ ವಾರದ ಸ್ಕ್ಯಾನ್ ಚಿತ್ರದಲ್ಲಿ ಅದು ಪಿತ್ತಕೋಶದ ಪಕ್ಕಕ್ಕೂ, ಯಕೃತ್ತಿನ ಉದ್ದಕ್ಕೂ ಹಬ್ಬಿರುವುದು ಕಂಡಿತು.

ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಹಿಲ್ಕೆ ಅಂದಳು, “ನೀನು ಹೇಡಿ ಆಗಿಲ್ದಿದ್ರೆ ಇದು ಗೊತ್ತೇ ಆಗ್ತಿರ್ಲಿಲ್ಲ. ಈ ಕ್ರಿಸ್‌ಮಸ್ಸಿಗೂ ಹಾಡ್ಕೊಂಡು ಇರ್ತಿದ್ದೆ.”

“ಈಗಲೂ ಹಾಡು.”

“ಪಕ್ಕದಲ್ಲಿ ಎಲ್ಲಾ ಗೊತ್ತಿರೋ ರೆನ್ಸ್ಕೆ ನಿಂತಿರ್ತಾಳಲ್ಲೋ,” ಎಂದಳು. ಅವಳಿಗೆ ಅಳು ಬಂತು. ವೀಬೆಗೂ ಬಂತು.

ಮನೆಗೆ ಬಂದು ಅವನು ಪಾಯಿಖಾನೆಯಲ್ಲಿ ಕೂತ, ಪೇಪರಿಲ್ಲದೆ. ಎದುರಿನ ಗೋಡೆಗೆ, ಆ ಕಡೆ ಎಲ್ಲರ ಪಾಯಿಖಾನೆಯಲ್ಲೂ ತೂಗುವಂಥ ಹುಟ್ಟುಹಬ್ಬದ ಕ್ಯಾಲೆಂಡರು. ನೆಂಟರಿಷ್ಟರ ಹೆಸರುಗಳೆಲ್ಲ ಅವರವರು ಹುಟ್ಟಿದ ತಾರೀಖಿನೆದುರು ಹಿಲ್ಕೆಯ ಅಕ್ಷರದಲ್ಲಿದ್ದವು. ತೀರಿಕೊಂಡವರ ಹೆಸರನ್ನು ಅವಳು ಅಳಿಸುವುದಿಲ್ಲ. ಪಕ್ಕದಲ್ಲಿ ಪುಟ್ಟದೊಂದು ಶಿಲುಬೆ ಬರೆಯುತ್ತಾಳೆ. ಅದಕ್ಕೆಂದೇ ಮೊಳೆಗೆ ದಾರ ಕಟ್ಟಿ ಪೆನ್ಸಿಲ್ ತೂಗುಹಾಕಿದ್ದಳು. ವೀಬೆ ಹಾಳೆ ತಿರುವಿದ. ಮಾರ್ಚ್ ಹದಿನಾಲ್ಕರಲ್ಲಿ ಅವಳ ಹೆಸರಿತ್ತು.

ಅವನು ದಾರ ಬಿಚ್ಚಿ ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡ.