ಬೇಡವಾದ ಮೇಜು

ಆ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಜನ ಒಬ್ಬರನ್ನೊಬ್ಬರು ಹೊಗಳುವುದನ್ನು ಕೇಳಿದರೆ ಅವಳಿಗೆ ಹೇಸಿಗೆಯೆನಿಸುತ್ತಿತ್ತು. ಒಬ್ಬ ಏನಾದರೂ ಅಂದರೆ ಸಾಕು, ಇನ್ನೊಬ್ಬ ಕೈಯೆತ್ತಿ, 'ಎಂಥ ಒಳ್ಳೆಯ ಮಾತು, ಅದಕ್ಕೆ ನನ್ನದೊಂದು ಸೇರಿಸುತ್ತೇನೆ' ಎಂದು ಅದನ್ನೇ ತಿರುವಿ ಹಾಕುತ್ತಿದ್ದ. ತರಗತಿಯಲ್ಲಿ ಮಾತಾಡಿದ್ದಕ್ಕೂ ಅಂಕವಿತ್ತಲ್ಲ! ಇವತ್ತು ನೀನು ಹೇಳು, ನಾನು ತಲೆದೂಗುತ್ತೇನೆ, ನಾಳೆ ನಿನ್ನ ಸರದಿ ಎಂಬ ಏರ್ಪಾಡು ಬೆಳಿಗ್ಗೆಯೇ ಕಾಫಿ ಮಷಿನ್ ಹತ್ತಿರ ಮುಗಿದಿರುತ್ತಿತ್ತು.

ಅವಳಿಗೆ ಮೂವತ್ತನಾಲ್ಕು. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಒಂಬತ್ತು ವರ್ಷ ದುಡಿದು, ಸೂಪರ್‌ವೈಸರ್ ಆಗಿ, ಅಂಚೆ ಶಿಕ್ಷಣದಲ್ಲಿ ಡಿಗ್ರಿ ಮುಗಿಸಿ ಇಲ್ಲಿಗೆ ಬಂದಿದ್ದಳು. ಅವಳನ್ನು ಸಾಕಿ ಓದಿಸಿದ ಅಕ್ಕ ಇನ್ನೂ ಅದೇ ಲಾಂಡ್ರಿಯಲ್ಲಿ, ಕೊಳೆ ಬಟ್ಟೆ ಬೇರ್ಪಡಿಸುವ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಸಹಪಾಠಿಗಳು ಇವಳಿಗೆ 'ಲಾಂಡ್ರಿ ಮೇಡಂ' ಎಂದು ಹೆಸರಿಟ್ಟಿದ್ದರು. ಹಿಂದಿನಿಂದಲ್ಲ, ಎದುರಿಗೇ, ನಗುನಗುತ್ತ.

ಅಲ್ಲಿಯದೊಂದು ಕಟ್ಟಳೆಯಿತ್ತು. ಪ್ರತಿ ಗುಂಪಿನ ಐದು ಜನ ಸೆಮಿಸ್ಟರ್ ಅವಧಿಯ ಕೊನೆಯಲ್ಲಿ ಒಬ್ಬರಿಗೊಬ್ಬರು ಗುಟ್ಟಾಗಿ ಸ್ಥಾನ ಕೊಡಬೇಕು. ಎರಡು ಸಲ ಕೊನೆಗೆ ಬಿದ್ದವರು ಗಂಟುಮೂಟೆ ಕಟ್ಟಬೇಕು. ಮೊದಲ ಅವಧಿಯಲ್ಲೇ ಅವಳು ಕೊನೆಗೆ ಬಿದ್ದಿದ್ದಳು. ತಪ್ಪನ್ನು ತಪ್ಪು ಅಂದದ್ದೇ ಅವಳು ಮಾಡಿದ ತಪ್ಪು.

ಎರಡನೆಯ ಅವಧಿಗೆ ಅವರ ಗುಂಪಿಗೆ ಸಿಕ್ಕಿದ್ದು ಒಂದು ಆಸ್ಪತ್ರೆಯ ಲಾಂಡ್ರಿಯ ಖರ್ಚು ಇಳಿಸುವ ಸಮಸ್ಯೆ. ಇಂಥ ಕಡತಗಳಲ್ಲಿ ಸಂಸ್ಥೆಯ ಹೆಸರನ್ನೂ ಅಂಕಿಗಳನ್ನೂ ಕಾಲೇಜಿನವರೇ ಬದಲಿಸಿರುತ್ತಿದ್ದರು. ಪರಿಹಾರ ಮಂಡಿಸುವ ದಿನ ಆ ಸಂಸ್ಥೆಯವರೊಬ್ಬರು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ಅವರು ಯಾರೆಂದು ಎಲ್ಲ ಮುಗಿದ ಮೇಲೆಯೇ ಹೇಳುವುದು, ಮೊದಲೇ ಹೇಳಿದರೆ ವಿದ್ಯಾರ್ಥಿಗಳು ಮುಖಸ್ತುತಿಗೆ ಇಳಿಯುತ್ತಾರೆಂದು. ಮುಖಸ್ತುತಿ ಬಿಟ್ಟು ಬೇರೇನೂ ಕಲಿಸದ ಜಾಗದಲ್ಲಿ ಈ ಎಚ್ಚರ ಬೇರೆ!

ಗುಂಪಿನ ಮುಖಂಡನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಅವನು ಬೋರ್ಡಿನ ಮೇಲೆ ಬೇರ್ಪಡಿಸುವುದು, ಒಗೆಯುವುದು, ಒಣಗಿಸುವುದು, ಮಡಚುವುದು ಎಂದು ಬರೆದು, ಮೊದಲನೆಯದನ್ನು ಗೀಟೆಳೆದು ಹೊಡೆದುಹಾಕಿದ.

"ಹನ್ನೆರಡು ಹೆಂಗಸರು ಬರೀ ಬಟ್ಟೆ ಎತ್ತಿ ಕೊಡವಿ ನೋಡ್ತಾರಂತೆ. ಸೀದಾ ಮಷಿನ್‌ಗೆ ಹಾಕಿದ್ರೆ ಆಯ್ತಪ್ಪ."

"ಬರೀ ನೋಡಲ್ಲ," ಎಂದಳು ಅವಳು. "ಬೆಡ್‌ಶೀಟ್ ಒಳಗೆ ಸೂಜಿ ಇರುತ್ತೆ, ಬ್ಲೇಡ್ ಇರುತ್ತೆ. ಅಲ್ಲೇ ತೆಗೀದಿದ್ರೆ ಮಡಚೋರ ಕೈಗೆ ಚುಚ್ಚುತ್ತೆ. ಇಲ್ಲಾ ರೋಗಿ ಬೆನ್ನಿಗೆ."

ಮೊದಲು ಬ್ಯಾಂಕಿನಲ್ಲಿದ್ದ ಹುಡುಗಿ ಕಡತ ತಿರುವಿದಳು. "ಎರಡು ವರ್ಷದಲ್ಲಿ ಸೂಜಿ ಚುಚ್ಚಿದ ಪ್ರಕರಣ ಸೊನ್ನೆ. ಇಲ್ಲೇ ಇದೆ ನೋಡಿ. ಇಲ್ಲದ ಅಪಾಯಕ್ಕೆ ಹನ್ನೆರಡು ಜನ ಯಾಕೆ?"

"ಆ ಹನ್ನೆರಡು ಜನ ಇರೋದಕ್ಕೇ ಅಲ್ವೇನ್ರಿ ಸೊನ್ನೆ ಇರೋದು!"

ಹುಡುಗಿ ಮತ್ತೆ ಆ ಸೊನ್ನೆಯ ಮೇಲೇ ಬೆರಳಿಟ್ಟು ತೋರಿಸಿದಳು. ಕಾಗದದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎನ್ನುವ ಜಾಣರು. ಕ್ಯಾಪ್ಟನ್ ಅವಳನ್ನು ಬಾಗಿಲ ಬಳಿಗೆ ಕರೆದ. "ಮೇಡಂ, ಈ ಭಾಗ ನೀವೇ ಹೇಳಿ. ಲಾಂಡ್ರಿಯವರ ಬಾಯಿಂದ ಬಂದ್ರೆ ತೂಕ ಜಾಸ್ತಿ. ಹೇಳ್ತೀರೋ, ಇಲ್ಲಾ ಹೋದ ಸಲದ ಹಾಗೇನೋ?"

ಅವನ ನಗು ನೋಡಿ ಮೈಯೆಲ್ಲ ಅಸಹ್ಯವಾಯಿತು. ತನ್ನ ತಲೆ ಹೂಂ ಎಂದು ಆಡಿದ್ದು ಅದಕ್ಕಿಂತ ಅಸಹ್ಯವೆನಿಸಿತು. ಆದರೆ ಸೀಟು ಹೋದರೆ ಅಕ್ಕನಿಗೆ ಯಾವ ಮುಖ ತೋರಿಸುವುದು? ಇದು ಬರೀ ಪಾಠ ತಾನೇ, ತಮ್ಮ ಲಾಂಡ್ರಿಯಲ್ಲಿ ಆ ಕೆಲಸಕ್ಕೆ ಇರುವುದು ಎಂಟೇ ಜನ, ಇದು ಬೇರೆ ಯಾವುದೋ ಆಸ್ಪತ್ರೆ ಎಂದು ಸಮಾಧಾನ ಮಾಡಿಕೊಂಡಳು.

ಮಂಡಿಸುವ ದಿನ ಅವಳು ಚೆನ್ನಾಗಿಯೇ ಮಾತಾಡಿದಳು. "ಒಂಬತ್ತು ವರ್ಷ ಲಾಂಡ್ರಿಯಲ್ಲಿ ಇದ್ದವಳು ಹೇಳ್ತಿದ್ದೀನಿ. ಬೇರ್ಪಡಿಸೋ ಮೇಜು ಬೇಡ." ಚಪ್ಪಾಳೆ ಬಿತ್ತು. ಪ್ರೊಫೆಸರ್ ಹಿಂದಿನ ಸಾಲಿನ ಅತಿಥಿಯನ್ನು ಮುಂದೆ ಕರೆದು ಪರಿಚಯಿಸಿದರು. ಅವಳಿದ್ದ ಆಸ್ಪತ್ರೆಗೇ ಹೊಸದಾಗಿ ಬಂದ ಆಡಳಿತಾಧಿಕಾರಿ ಅವರು.

"ಇದರ ಬಗ್ಗೆ ನನಗೂ ಅನುಮಾನ ಇತ್ತು," ಎಂದರು ಅವರು. "ನೀವು ನಮ್ಮಲ್ಲೇ ಇದ್ದವರಂತೆ, ಪ್ರೊಫೆಸರ್ ಈಗ ಹೇಳಿದ್ರು. ಒಳಗಿನವರೇ ಬೇಡ ಅಂದ್ಮೇಲೆ ಇನ್ನೇನು? ಸೋಮವಾರದಿಂದ ತೆಗೆದುಬಿಡ್ತೀವಿ."

ಅವಳು ಅವರ ಎದುರಿಗೆ ಧಾವಿಸಿ ಬಂದಳು. "ಸಾರ್, ಹಾಗೆ ಮಾಡ್ಬೇಡಿ. ಸೂಜಿ ಇರುತ್ತೆ ಸಾರ್. ದಿನಾ ಇರುತ್ತೆ. ನಾನೇ ತೆಗೆದಿದ್ದೀನಿ."

"ಈಗ ತಾನೇ ನೀವೇ ಬೇಡ ಅಂದ್ರಲ್ಲಮ್ಮ," ಎಂದು ಅವರು ನಕ್ಕರು. ಅವರ ಜೊತೆ ತರಗತಿಯೂ ನಕ್ಕಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪ್ರೊಫೆಸರ್ ಗಡಿಯಾರ ನೋಡಿ ಮುಂದಿನ ಗುಂಪನ್ನು ಕರೆದರು.

ಮಧ್ಯಾಹ್ನ ಸ್ಥಾನಗಳ ಪಟ್ಟಿ ಬಂತು. ನಾಲ್ವರೂ ಅವಳಿಗೆ ಮೊದಲ ಸ್ಥಾನ ಕೊಟ್ಟಿದ್ದರು. ಕ್ಯಾಪ್ಟನ್ ಬಂದು ಕೈ ಕುಲುಕಿದ. ಅವಳು ನಲ್ಲಿಯ ಹತ್ತಿರ ಹೋಗಿ ಎರಡು ಸಲ ಸೋಪು ಹಾಕಿ ಕೈ ತೊಳೆದಳು. ಹೇಸಿಗೆ ಕೈಯದಾಗಿದ್ದರೆ ಹೋಗುತ್ತಿತ್ತು.

ಸಂಜೆ ಅಕ್ಕ ಕೆಲಸದಿಂದ ಬಂದು, ಬಿರಿದ ಬೆರಳುಗಳಿಗೆ ಎಣ್ಣೆ ಸವರುತ್ತ ಅಡುಗೆಮನೆಯಲ್ಲಿ ಕೂತಿದ್ದಳು.

"ಏನಾಯ್ತೇ?"

"ಫಸ್ಟ್ ಬಂದೆ."

"ನಾನು ಹೇಳಿರ್ಲಿಲ್ವಾ! ಏನು ಮಾತಾಡ್ದೆ?"

"ಲಾಂಡ್ರಿ ಬಗ್ಗೆ. ನಿಮ್ಮ ಮೇಜಿನ ಬಗ್ಗೆ."

ಅಕ್ಕನ ಮುಖ ಅರಳಿತು. "ಅಷ್ಟು ದೊಡ್ಡವರ ಮುಂದೆ ನಮ್ಮ ಪರವಾಗಿ ಮಾತಾಡೋಕೆ ನೀನೊಬ್ಳಾದ್ರೂ ಇದ್ದೀಯಲ್ಲ, ಸಾಕು ಕಣೇ. ನಾಳೆ ಎಲ್ರಿಗೂ ಹೇಳ್ತೀನಿ."

"ಆ ಮೇಜು ಬೇಡ ಅಂದೆ, ಅಕ್ಕ. ಸೋಮವಾರದಿಂದ ತೆಗೀತಾರೆ."

ತಂಗಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅಕ್ಕ ಇನ್ನೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದಳು.